ತಪ್ಪು ಕೈಯದೋ, ಕಾಗದದ್ದೋ?

ಕಳೆದ ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನದ ಮಾತು. ಅತ್ತಿಗುಪ್ಪೆಯ ಕಡೆಯಿಂದ ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ನಡೆದು ಬರುತ್ತಿದ್ದೆ. ದಾರಿಯಲ್ಲಿ ವೈದ್ಯರ ದೂರವಾಣಿ ಕರೆ ಬಂದಿತು. ನನ್ನ ಶ್ರೀಮತಿಯ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ಅವರು ಬದಲಿಸಿದ್ದರು. ಒಂದು ಮರದ ನೆರಳಿನಲ್ಲಿ ನಿಂತು, ಜೇಬಿನಲ್ಲಿದ್ದ ಪುಟ್ಟ ಪುಸ್ತಕವನ್ನು ತೆಗೆದು, ಶಾಯಿ ಪೆನ್ನಿನಿಂದ ಬರೆದುಕೊಂಡೆ. ಪುಸ್ತಕವನ್ನು ಮತ್ತೆ ಅಂಗಿಯ ಜೇಬಿಗೆ ಸೇರಿಸಿ, ಬಿಸಿಲಿನಲ್ಲಿ ಬೆವರುತ್ತಾ ಮನೆ ತಲುಪಿದೆ. ತೆರೆದು ನೋಡಿದರೆ ಅಲ್ಲಿದ್ದುದು ಒಂದು ನೀಲಿ ಮೋಡ. ಬೆಳಿಗ್ಗೆ ಅರ್ಧವೋ ಒಂದೋ, ರಾತ್ರಿ ಒಂದೋ ಅರ್ಧವೋ, ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನನ್ನಾಕೆ ಕನ್ನಡಕ ಹಾಕಿಕೊಂಡು ಆ ಪುಟವನ್ನು ನೋಡಿ, "ಏನ್ರೀ, ಈ ಉತ್ತರಕ್ಕೆ ಎಷ್ಟು ಅಂಕ ಕೊಡ್ತೀರಿ?" ಎಂದಳು.

ವೈದ್ಯರಿಗೆ ಪುನಃ ಕರೆ ಮಾಡಿ ಕೇಳಿದೆ. ಆ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಅವಳು ನಗುತ್ತಾ ಕೇಳಿದ ಪ್ರಶ್ನೆ ನನ್ನಲ್ಲಿ ಉಳಿದುಬಿಟ್ಟಿತು. ಏಕೆಂದರೆ ಅಂತಹದೇ ಒಂದು ಉತ್ತರಕ್ಕೆ ನಾನು ಹಿಂದೊಮ್ಮೆ ಅಂಕ ಕೊಟ್ಟಿದ್ದೆ. ಕೊಟ್ಟಿದ್ದೆ ಎನ್ನುವುದಕ್ಕಿಂತ ಕಳೆದಿದ್ದೆ ಎನ್ನುವುದೇ ಸರಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಒಂಬತ್ತನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಕಿರುಪರೀಕ್ಷೆಗಳಿಗೆ ಮಕ್ಕಳೇ ತಮ್ಮ ನೋಟ್‌ಬುಕ್ಕಿನಿಂದ ಹಾಳೆಗಳನ್ನು ತರುವ ಪದ್ಧತಿಯಿತ್ತು. ಒಬ್ಬ ಹುಡುಗ, ಕೂಲಿ ಕೆಲಸ ಮಾಡುವವರ ಮಗ, ಅಣ್ಣ ಬಳಸಿ ಬಿಟ್ಟ ಇಂಕ್ ಪೆನ್ನಿನಲ್ಲಿ ಬರೆದಿದ್ದ. ಅವನ 'ಧನವಂತ' ಎಂಬ ಪದ ನನ್ನ ಕಣ್ಣಿಗೆ 'ದನವಂತ' ಎಂದು ಕಂಡಿತು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಇಡೀ ತರಗತಿ ನಕ್ಕಿತು. ಅಕ್ಷರಶುದ್ಧಿಗೆಂದು ಎರಡು ಅಂಕ ಕಳೆದೆ. ಮುಂದಿನ ವಾರ ಅವನು ಬಾಲ್‌ಪೆನ್ನು ಹಿಡಿದು ಬಂದ. ಆ ಶಾಯಿ ಪೆನ್ನನ್ನು ಅವನ ಕೈಯಲ್ಲಿ ನಾನು ಮತ್ತೆ ನೋಡಲಿಲ್ಲ.

ಅವನ ಪಕ್ಕದಲ್ಲಿ ಕುಳಿತಿದ್ದ ಅಂಗಡಿ ಯಜಮಾನರ ಮಗನೂ ಅಂಥದೇ ಪೆನ್ನಿನಲ್ಲಿ, ಅಂಥದೇ ಶಾಯಿಯಲ್ಲಿ ಬರೆಯುತ್ತಿದ್ದ. ಅವನ ಬರವಣಿಗೆಯನ್ನು ನಾನು 'ಮುತ್ತಿನಂತಿದೆ' ಎಂದು ಹೊಗಳುತ್ತಿದ್ದೆ. ಅವನ ಹಾಳೆ ನುಣುಪಾಗಿತ್ತು. ಇವನದು ಒರಟು ಹಾಳೆ. ಆ ದಿನ ನಾನು ಮೌಲ್ಯಮಾಪನ ಮಾಡಿದ್ದು ಕಾಗದವನ್ನೇ ಹೊರತು ಕೈಯನ್ನಲ್ಲ. ಇದು ನನಗೆ ತಿಳಿದದ್ದು ಮೂರು ದಶಕಗಳ ನಂತರ, ನನ್ನದೇ ಜೇಬಿನ ಪುಸ್ತಕದ ಮುಂದೆ.

ಓದುಗ ಮಿತ್ರರೇ, ಶಾಯಿ ಪೆನ್ನಿಗೆ ಹೊಂದುವ ಜೇಬಿನ ಪುಸ್ತಕವನ್ನು ಆರಿಸುವುದು ಹೇಗೆ ಎಂಬ ಈ ಚಿಕ್ಕ ವಿಷಯವನ್ನು ಇಷ್ಟು ದೊಡ್ಡ ಪೀಠಿಕೆಯೊಂದಿಗೆ ಆರಂಭಿಸಿದ್ದಕ್ಕೆ ಕ್ಷಮೆಯಿರಲಿ. ನನ್ನ ವಾದ ಇಷ್ಟೇ: ಪುಸ್ತಕವನ್ನು ರಟ್ಟು ನೋಡಿ ಕೊಳ್ಳಬಾರದು, ಬೆಲೆ ನೋಡಿಯೂ ಕೊಳ್ಳಬಾರದು, ಕಾಗದವನ್ನು ಪರೀಕ್ಷಿಸಿ ಕೊಳ್ಳಬೇಕು.

ಕಾಗದವೆಂದರೆ ಒತ್ತಿ ಹಾಸಿದ ನಾರು. ಅದನ್ನು ಹಾಗೆಯೇ ಬಿಟ್ಟರೆ ಒತ್ತುಕಾಗದದಂತೆ ಶಾಯಿಯನ್ನು ಹೀರುತ್ತದೆ. ಆದ್ದರಿಂದ ಕಾರ್ಖಾನೆಗಳಲ್ಲಿ ತಿರುಳಿಗೆ ರಾಳವನ್ನು ಪಟಿಕದೊಡನೆ, ಇಲ್ಲವೇ ಈಚಿನ ಕೃತಕ ಅಂಟುಗಳನ್ನು ಸೇರಿಸುತ್ತಾರೆ. ಬರೆಯುವ ಕಾಗದದ ಮೇಲ್ಮೈಗೆ ಪಿಷ್ಟವನ್ನೂ ಲೇಪಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಹತ್ತಿಯ ಸೀರೆಗೆ ಗಂಜಿ ಹಾಕಿದಂತೆ ಎಂದುಕೊಳ್ಳಿ. ಗಂಜಿ ಚೆನ್ನಾಗಿದ್ದರೆ ಶಾಯಿ ಮೇಲೆಯೇ ನಿಂತು ನಿಧಾನವಾಗಿ ಒಣಗುತ್ತದೆ. ಗಂಜಿ ಸಾಲದಿದ್ದರೆ ನಾರಿನ ಗುಂಟ ಹರಿದು, ಅಕ್ಷರದ ಅಂಚಿನಲ್ಲಿ ಬೇರು ಬಿಡುತ್ತದೆ, ಹಿಂಬದಿಗೂ ಇಳಿಯುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹಿಂದೆ ನಮ್ಮ ವರ್ತಕರೂ ಮಠಗಳವರೂ ಲೆಕ್ಕ ಬರೆಯುತ್ತಿದ್ದ 'ಕಡತ'ವೆಂದರೆ, ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದವು. ಬರೆಯುವ ಸಾಧನ ಯಾವುದೋ ಅದಕ್ಕೆ ತಕ್ಕಂತೆ ಬರೆಯುವ ಮೈಯನ್ನು ಸಿದ್ಧಪಡಿಸಬೇಕೆಂಬ ವಿವೇಕ ನಮ್ಮ ಹಿರಿಯರಿಗಿತ್ತು. ಇಂದು ಆ ಪದ ಕಚೇರಿಯ ಫೈಲಿಗೆ ಉಳಿದಿದೆ. ವಿವೇಕ ಉಳಿದಿದೆಯೇ ಎಂಬುದು ಸಂದೇಹ. ಬಾಲ್‌ಪೆನ್ನಿನ ಶಾಯಿ ಎಣ್ಣೆಯ ಅಂಟಿನಂತಹುದು. ಎಂತಹ ಕಾಗದದ ಮೇಲೂ ನಿಲ್ಲುತ್ತದೆ. ಎಲ್ಲರೂ ಅದನ್ನೇ ಹಿಡಿದ ಮೇಲೆ ಒಳ್ಳೆಯ ಕಾಗದವನ್ನು ಕೇಳುವವರೇ ಕಡಿಮೆಯಾದರು ಎಂದು ನನ್ನ ಊಹೆ.

ಅಂಗಡಿಯಲ್ಲಿ ಕೇಳಿದರೆ 'ಜಿಎಸ್‌ಎಂ ಎಷ್ಟು ಬೇಕು ಸಾರ್?' ಎನ್ನುತ್ತಾರೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದೇ ಅದರ ಅರ್ಥ. ಎ4 ಅಳತೆಯ 16 ಹಾಳೆಗಳು ಸೇರಿ ಒಂದು ಚದರ ಮೀಟರ್ ಆಗುವುದರಿಂದ, 80 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಇದು ತೂಕವೇ ಹೊರತು ಗುಣವಲ್ಲ. ಜಪಾನಿನ ಹೆಸರಾಂತ ಟೊಮೊಯೆ ರಿವರ್ ಕಾಗದ 52 ಜಿಎಸ್‌ಎಂನಷ್ಟು ತೆಳುವಾಗಿಯೂ ಬರುತ್ತದೆ. ಹಿಂಬದಿಯ ಬರಹ ನೆರಳಿನಂತೆ ಕಾಣುತ್ತದೆಯಾದರೂ ಶಾಯಿ ಹರಡುವುದಿಲ್ಲ. ದಪ್ಪನಾಗಿದ್ದೂ ಶಾಯಿ ಕುಡಿಯುವ ಹಾಳೆಗಳನ್ನು ನಾನು ಬಳಸಿ ಕೈಸುಟ್ಟುಕೊಂಡಿದ್ದೇನೆ. ಹಾಗೆಂದು ಜಪಾನಿನ ಕಾಗದವನ್ನೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಅತಿ ನುಣುಪಾದ ಕಾಗದದ ಮೇಲೆ ಶಾಯಿ ಒಣಗಲು ಹೊತ್ತು ಬೇಕು. ರಸ್ತೆಬದಿಯಲ್ಲಿ ನಿಂತು ಬರೆದು ಥಟ್ಟನೆ ಮುಚ್ಚುವ ಜೇಬಿನ ಪುಸ್ತಕಕ್ಕೆ ಅದು ದೋಷವೇ ಸರಿ.

ಕನ್ನಡ ಬರೆಯುವವರಿಗೆ ಇನ್ನೂ ಒಂದು ಕಷ್ಟವಿದೆ. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಕೆಳಗಿನ ಒಂದು ಸೀಳಿನಷ್ಟೇ ಅಂತರ. ಧಕಾರಕ್ಕೂ ಥಕಾರಕ್ಕೂ ಒಳಗಿನ ಒಂದು ಚುಕ್ಕೆಯಷ್ಟೇ. ಶಾಯಿ ಹರಡಿದರೆ ಸೀಳು ಮುಳುಗುತ್ತದೆ, ಅರ್ಧ ಅರ್ಥವಾಗುತ್ತದೆ, ಧನ ದನವಾಗುತ್ತದೆ. ಇನ್ನು ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ. 'ರಾಷ್ಟ್ರ' ಎಂದು ಬರೆಯಲು ಎರಡು ಅಂತಸ್ತು ಬೇಕು. ಜೇಬಿನ ಪುಸ್ತಕಗಳಲ್ಲಿ ಆರು ಮಿಲಿಮೀಟರಿನ ಗೆರೆಗಳಿದ್ದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಎಂಟು ಮಿಲಿಮೀಟರಿನ ಗೆರೆಯಾದರೆ ಉತ್ತಮ. ಗೆರೆಯೇ ಇಲ್ಲದಿದ್ದರೆ ಅತ್ಯುತ್ತಮ.

ಆದ್ದರಿಂದ ನಾನೀಗ ಅನುಸರಿಸುವ ಕ್ರಮ ಇದು. ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಅವೆನ್ಯೂ ರಸ್ತೆಗೆ ಹೋಗುತ್ತೇನೆ. ಮೆಚ್ಚಿದ ಪುಸ್ತಕವನ್ನು ಮೊದಲು ಒಂದೇ ಒಂದು ಕೊಳ್ಳುತ್ತೇನೆ. ಅಂಗಡಿಯವರ ಮುಂದೆಯೇ ಕೊನೆಯ ಪುಟದಲ್ಲಿ, ನನ್ನದೇ ಪೆನ್ನಿನಿಂದ, 'ಧನ, ಅರ್ಧ, ಅರ್ಥ, ರಾಷ್ಟ್ರ' ಎಂದು ಬರೆಯುತ್ತೇನೆ. ಹತ್ತು ಎಣಿಸಿ ಬೆರಳಿನಿಂದ ಸವರುತ್ತೇನೆ. ಹಾಳೆ ತಿರುವಿ ಹಿಂಬದಿಯನ್ನು ನೋಡುತ್ತೇನೆ. ಸೀಳೂ ಚುಕ್ಕೆಯೂ ಸ್ಪಷ್ಟವಾಗಿದ್ದು, ಹಿಂಬದಿಯಲ್ಲಿ ಶಾಯಿ ಇಳಿಯದಿದ್ದರೆ ಇನ್ನೂ ನಾಲ್ಕು ಕೊಳ್ಳುತ್ತೇನೆ. ಹೊಲಿಗೆಯ ಕಟ್ಟು ಇರಬೇಕು. ಅಂಟಿನ ಕಟ್ಟು ಜೇಬಿನ ಬೆವರಿಗೂ ಬಾಗುವಿಕೆಗೂ ಬೇಗ ಬಿಡುತ್ತದೆ. ಅಳತೆ 90 × 140 ಮಿಲಿಮೀಟರ್ ಇದ್ದರೆ ಅಂಗಿಯ ಜೇಬಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ಕಾಗದ ತೇವ ಹೀರಿದಾಗ ಶಾಯಿ ಹೆಚ್ಚು ಹರಡುತ್ತದೆ. ಸಾಮಾನ್ಯ ನೀಲಿ ಶಾಯಿ ನೀರಿನಲ್ಲಿ ಕರಗುವಂತಹುದು. ಔಷಧಿಯ ಪ್ರಮಾಣದಂತಹ ವಿಷಯಗಳಿಗೆ ನೀರು ತಡೆಯುವ ಶಾಯಿಯೇ ಕ್ಷೇಮ.

ಇದೂ ಬೇಡವೆನ್ನುವವರು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಪರೀಕ್ಷಿಸಿ ಒಪ್ಪಿಗೆಯಾದ ಐದು ಎ4 ಹಾಳೆಗಳನ್ನು ಅರ್ಧಕ್ಕೆ ಕತ್ತರಿಸಿ, ಹತ್ತು ತುಂಡುಗಳನ್ನು ಒಟ್ಟಿಗೆ ಮಡಚಿ, ನಡುವೆ ಮೂರು ತೂತು ಮಾಡಿ ದಾರದಿಂದ ಹೊಲಿದರೆ 40 ಪುಟಗಳ ಪುಸ್ತಕವಾಯಿತು. ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ನನ್ನ ಮೊಮ್ಮಗಳು ಈಗ ಇದನ್ನು ನನಗಿಂತ ಅಂದವಾಗಿ ಹೊಲಿಯುತ್ತಾಳೆ.

ಮೊಬೈಲಿನಲ್ಲಿ ಬರೆದುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಬರೆದುಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ನನಗೆ ನೆನಪು ಉಳಿಯುವುದು ಕೈಯಿಂದ ಬರೆದಾಗ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಯ ಅಭ್ಯಾಸವಿರಬಹುದು.

ಒಂದು ವಿಷಾದವನ್ನೂ ಹೇಳಬೇಕು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2010ರ ದಶಕದ ಮಧ್ಯದಲ್ಲಿ ಉತ್ಪಾದನೆ ನಿಲ್ಲಿಸಿತು. 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾರ್ಖಾನೆ ನಡೆಯುತ್ತಿದೆ. ಕಾಗದ ತಯಾರಿಸುವ ನಾಡಿನಲ್ಲಿ ಬಡವರ ಮಕ್ಕಳ ಕೈಗೆ ಸಿಗುವ ನೋಟ್‌ಬುಕ್ಕು ಒಂದು ಹನಿ ಶಾಯಿಯನ್ನು ತಡೆಯುವಂತಿರಬೇಕೆಂದು ಬಯಸುವುದು ದುಬಾರಿ ಆಸೆಯೇನಲ್ಲ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಐವತ್ತರ ಹತ್ತಿರದ ಗೃಹಸ್ಥನಾಗಿರಬೇಕು. ಅವನು ಎದುರಾದರೆ ಆ ಎರಡು ಅಂಕಗಳನ್ನು ಹಿಂದಿರುಗಿಸುವ ಉಪಾಯ ನನ್ನಲ್ಲಿಲ್ಲ. ನಾನು ಓದಿದ್ದು ತಪ್ಪು ಎಂದು ಹೇಳಬಲ್ಲೆ, ಅಷ್ಟೇ. ಇಂದು ಪಾಠ ಮಾಡುತ್ತಿರುವ ಕಿರಿಯ ಮಿತ್ರರಲ್ಲಿ ನನ್ನದೊಂದು ವಿನಂತಿ. ಅಕ್ಷರ ಕೆಟ್ಟಿದೆ ಎಂದು ಕೆಂಪು ಶಾಯಿಯಲ್ಲಿ ಬರೆಯುವ ಮೊದಲು, ಆ ಹಾಳೆಯ ಮೂಲೆಯಲ್ಲಿ ನಿಮ್ಮ ಪೆನ್ನಿನಿಂದಲೇ ಒಂದು 'ಧ' ಬರೆದು ನೋಡಿ. ನಿಮ್ಮದೂ 'ದ' ಆದರೆ, ದಯವಿಟ್ಟು ಅಂಕ ಕಳೆಯಬೇಡಿ.