ಅದು ವಿನೈಲ್ ಅಲ್ಲ ಸ್ವಾಮೀ, ಪ್ಲೇಟು!

ಮೊನ್ನೆ ಬ್ಲಾಗಿಗ ಮಿತ್ರರೊಬ್ಬರು ಬರೆದಿದ್ದರು: "ಹಳ್ಳಿ ಕಡೆ ವಿನೈಲ್ ರೆಕಾರ್ಡಿಗೆ ಪ್ಲೇಟು ಅಂತಾರೆ, ಪಾಪ, ಗೊತ್ತಿಲ್ಲ." ಆ 'ಪಾಪ' ಓದಿ ಸುಮ್ಮನಿರಲಾಗಲಿಲ್ಲ. ಅದಕ್ಕೇ ಈ ಜಗಳ :-)

ಮೊದಲು ಗೊತ್ತಿಲ್ಲದವರು ಯಾರು ಅಂತ ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುವ, ಕೈ ಜಾರಿದರೆ ಚೂರಾಗುವ ಹಳೇ ಪ್ಲೇಟುಗಳು ವಿನೈಲ್ ಅಲ್ಲವೇ ಅಲ್ಲ. ಅವು ಅರಗಿನವು. ವಿನೈಲಿನ ಎಲ್ಪಿಯನ್ನು ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದದ್ದು 1948ರಲ್ಲಿ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಹಾಡಿದ ಮುದ್ರಿಕೆಗಳನ್ನು 'ವಿನೈಲ್' ಅನ್ನುವವರು, ಹುಟ್ಟದ ಮಗುವಿಗೆ ಕುಲಾವಿ ಹೊಲಿಯುತ್ತಿದ್ದಾರೆ ಅಷ್ಟೆ. ಅರಗಿರಲಿ, ವಿನೈಲಿರಲಿ, 'ಪ್ಲೇಟು' ಎರಡಕ್ಕೂ ಸಲ್ಲುತ್ತದೆ. ಹಾಗಾದರೆ ಸರಿಯಾದ ಮಾತು ಯಾರದ್ದು?

ಎರಡನೇ ತಕರಾರು ಶುದ್ಧ ಕನ್ನಡದವರದ್ದು. 'ಧ್ವನಿಮುದ್ರಿಕೆ' ಅನ್ನಬೇಕಂತೆ. ಒಳ್ಳೇ ಪದ, ಬರೆಯುವಾಗ ನಾನೂ ಬಳಸುತ್ತೇನೆ. ಆದರೆ ಅದರ ಹೊಟ್ಟೆಯೊಳಗೆ ಕ್ಯಾಸೆಟ್ಟೂ ಹೋಗುತ್ತೆ, ಸೀಡಿಯೂ ಹೋಗುತ್ತೆ. ಮೇಲೆ ಮುಳ್ಳು ಇಟ್ಟು ತಿರುಗಿಸುವ ಆ ಕಪ್ಪು ತಟ್ಟೆಯೊಂದನ್ನೇ ತೋರಿಸುವ ಪದ ಬೇಕೆಂದರೆ ಪ್ಲೇಟೇ ಗತಿ. ಇಂಗ್ಲಿಷ್ ಪದ ಅಂತೀರಾ? ವಿನೈಲ್ ಏನು ಹಳಗನ್ನಡವೇ? 'ಇಡ್ಲಿ ಪ್ಲೇಟಿನ ಜೊತೆ ಗೊಂದಲ ಆಗುತ್ತೆ' ಅಂತೀರಾ? ಇಡ್ಲಿ ಮೇಲೆ ಮುಳ್ಳು ಇಟ್ಟವರನ್ನು ನಾನಂತೂ ಕಂಡಿಲ್ಲ. ತಮಿಳರು ಗೌರವದಿಂದ ಬಳಸುವ 'ಇಸೈತ್ತಟ್ಟು' ಕೂಡ ಸಂಗೀತದ ತಟ್ಟೆಯೇ. ಅವರಿಗಿಲ್ಲದ ನಾಚಿಕೆ ನಮಗೇಕೆ?

ಇನ್ನೊಂದು ತಮಾಷೆ. ರಾಜಕಾರಣಿ ಮಾತು ಬದಲಿಸಿದಾಗ 'ಪ್ಲೇಟ್ ಚೇಂಜ್ ಮಾಡಿದ' ಅಂತ ನೀವೂ ಬರೆಯುತ್ತೀರಿ, ಟೀವಿಯವರೂ ಕೂಗುತ್ತಾರೆ. ಅದು ಯಾವ ಪ್ಲೇಟು? ಊಟದ ತಟ್ಟೆ ಬದಲಿಸಿದರೆ ಮಾತು ಬದಲಾಗಲ್ಲ. ಪೆಟ್ಟಿಗೆ ಮೇಲಿನ ಪ್ಲೇಟು ಬದಲಿಸಿದರೆ ಹಾಡು ಬದಲಾಗುತ್ತೆ! ತಮಿಳು, ತೆಲುಗಿನಲ್ಲೂ ಇಂಥದೇ ಮಾತಿದೆ. ಹಳ್ಳಿಯವರ ತಪ್ಪು ಅಂತ ನಗುವ ಪದದ ಮೇಲೇ ನಮ್ಮ ಹೆಡ್‌ಲೈನುಗಳು ನಿಂತಿವೆ.

ಇಷ್ಟಕ್ಕೆಲ್ಲ ಇಷ್ಟೊಂದು ಸಿಟ್ಟು ಯಾಕೆ ಅಂತ ಕೇಳಬಹುದು. ಹೇಳುತ್ತೇನೆ.

ನಮ್ಮಜ್ಜನದು ಮಸ್ಕಿಯಲ್ಲಿ ಮೈಕ್ ಸೆಟ್. ಮದುವೆ, ಜಾತ್ರೆ ಅಂದರೆ ಪೆಟ್ಟಿಗೆ, ಹಾರ್ನು, ಪ್ಲೇಟಿನ ಟ್ರಂಕು ಬಂಡಿಗೇರುತ್ತಿದ್ದವು. ಎರಡು ವರ್ಷದ ಹಿಂದೆ ಹಳೇ ಹಾಡು ಸಂಗ್ರಹಿಸುವ ಬೆಂಗಳೂರಿನ ಪರಿಚಯದವರೊಬ್ಬರು ಆ ಕಡೆ ಹೊರಟಾಗ ನಾನೇ ಮನೆ ವಿಳಾಸ ಕೊಟ್ಟೆ. ಸಿಂಧನೂರು, ಲಿಂಗಸುಗೂರು ಸುತ್ತಿ ಮಸ್ಕಿಗೆ ಬಂದರಂತೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ, "ವಿನೈಲ್ ಇದೆಯಾ?" ಅಜ್ಜಿ, "ಅಂಥಾವೇನೂ ಇಲ್ಲಪಾ" ಅಂದಳು. "ಹಳೇ ರೆಕಾರ್ಡ್ಸ್, ಅಜ್ಜಿ?" "ಹೊಲದ ರಿಕಾರ್ಡ ನನ್ನ ಮಗನ ಹತ್ರ ಅದಾವ." ಚಹಾ ಕುಡಿದು ಹೋದರು. ಟ್ರಂಕು ಅಜ್ಜಿ ಕೂತಿದ್ದ ಮಂಚದ ಕೆಳಗೇ ಇತ್ತು.

ಮರು ವರ್ಷ ಮನೆ ರಿಪೇರಿಯಾದಾಗ ಟ್ರಂಕು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ದೀಪಾವಳಿಗೆ ಊರಿಗೆ ಹೋದಾಗ ವಿಷಯ ತಿಳಿದು ಅಜ್ಜಿಯನ್ನು ಕೇಳಿದರೆ, "ಪ್ಲೇಟು ಅಂತ ಯಾಕ ಕೇಳ್ಲಿಲ್ಲೋ ಅಂವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಆ ವಿನೈಲ್ ಅನ್ನೋ ಪದ ಹೇಳಿ ಕಳಿಸಿದವನೂ ನಾನೇ. "ನಮ್ಮಜ್ಜನ ಹತ್ರ ವಿನೈಲ್ ಕಲೆಕ್ಷನ್ ಇತ್ತು" ಅಂತ ಕಾಫಿ ಕುಡಿಯುತ್ತಾ ಜಂಬ ಕೊಚ್ಚಿಕೊಂಡಿದ್ದೆ.

ಮಸ್ಕಿ ಅಂದಾಗ ನೆನಪಾಯಿತು. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಅನ್ನೋ ಬಿರುದು ಇತ್ತು. ಅದರ ಜೊತೆ 'ಅಶೋಕ' ಅನ್ನೋ ಹೆಸರೂ ಕೂಡಿದ ಶಾಸನ ಮೊದಲು ಸಿಕ್ಕಿದ್ದು ನಮ್ಮೂರಲ್ಲಿ, 1915ರಲ್ಲಿ. ಬಿರುದು ಎಷ್ಟೇ ದೊಡ್ಡದಿರಲಿ, ಆಳು ಯಾರು ಅಂತ ಖಚಿತವಾಗಲು ಹೆಸರೇ ಬೇಕಾಯಿತು.

ಆದ್ದರಿಂದ ಮಿತ್ರರೇ, ಬರೆಯುವಾಗ ಏನಾದರೂ ಬರೆಯಿರಿ. ಊರಿಗೆ ಹೋದಾಗ ಮಾತ್ರ ಊರಿನ ಮಾತಲ್ಲೇ ಕೇಳಿ. ಗುಜರಿಯವನು ಕೇಳುವುದಕ್ಕಿಂತ ಮೊದಲು ಕೇಳಿ.

ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ತಿಳಿಸ್ತೀರಲ್ಲ?