ಗ್ರೀಟಿಂಗ್ ಕಾರ್ಡಿಗೆ ಗ್ಲಿಟರ್ ಶೀಟ್ ಬೇಕಿಲ್ಲ, ಮನೆಯ ಲಗ್ನಪತ್ರಿಕೆ ಸಾಕು

ಸಂಕ್ರಾಂತಿ ದಿನ ಬೆಳಗ್ಗೆ ಮೊಬೈಲ್ ತೆಗೆದರೆ ಎಳ್ಳು-ಬೆಲ್ಲ, ಕಬ್ಬು, ಸೂರ್ಯ ಇರುವ ಒಂದೇ ಚಿತ್ರ ಇಪ್ಪತ್ತು ಕಡೆಯಿಂದ ಬಂದು ಬಿದ್ದಿರುತ್ತದೆ. ನಾವೂ ಅದನ್ನೇ ಮತ್ತೆ ಇಪ್ಪತ್ತು ಜನಕ್ಕೆ ಕಳಿಸುತ್ತೇವೆ. ಎರಡು ದಿನ ಬಿಟ್ಟು ಸ್ಟೋರೇಜ್ ಫುಲ್ ಆಯಿತು ಅಂತ ಎಲ್ಲ ಅಳಿಸಿ ಹಾಕುತ್ತೇವೆ. ಯಾರು ಕಳಿಸಿದ್ದರು ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಮೂವತ್ತು ನಲವತ್ತು ವರ್ಷದ ಹಿಂದೆ ಶಾಲೆಗೆ ಹೋದವರನ್ನು ಕೇಳಿ ನೋಡಿ. ಜನವರಿ ಬಂತೆಂದರೆ ಅಂಗಡಿ ಮುಂದೆ ದಾರ ಕಟ್ಟಿ ಗ್ರೀಟಿಂಗ್ ಕಾರ್ಡ್ ನೇತು ಹಾಕುತ್ತಿದ್ದರು. ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಶ್, ಶಂಕರ್‌ನಾಗ್ ಫೋಟೊ ಇರುವವು ಮೊದಲು ಖಾಲಿ. ಗುಲಾಬಿ ಹೂವಿನವು, ದೇವರ ಚಿತ್ರದವು ಆಮೇಲೆ. ಕೂಡಿಟ್ಟ ಚಿಲ್ಲರೆಗೆ ಎಷ್ಟು ಬರುತ್ತವೋ ಅಷ್ಟು ಕೊಂಡು, ಹಿಂದೆ ಗೆಳೆಯರ ಹೆಸರು ಬರೆದು ಹಂಚುತ್ತಿದ್ದರು. ಆ ಕಾರ್ಡುಗಳು ಇವತ್ತಿಗೂ ಎಷ್ಟೋ ಮನೆಯ ಟ್ರಂಕಿನ ತಳದಲ್ಲಿವೆ.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಕಳೆದ ವರ್ಷ ನಮ್ಮ ಬಳಗದ ಒಬ್ಬರ ಪಕ್ಕದ ಮನೆಯಲ್ಲಿ ನಡೆದ ಒಂದು ಸಂಗತಿ ಇದನ್ನು ಬರೆಯಿಸುತ್ತಿದೆ.

ಐದನೇ ತರಗತಿಯ ಹುಡುಗಿ. ರಾತ್ರಿ ಎಂಟು ಗಂಟೆಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು:

"ಅವ್ವಾ, ನಾಳಿಗೆ ಗ್ರೀಟಿಂಗ್ ಕಾರ್ಡ್ ಮಾಡಸ್ತಾರಂತ. ಗ್ಲಿಟರ್ ಶೀಟು, ಡಿಸೈನ್ ಪೇಪರು, ಸ್ಟಿಕರು ಒಯ್ಯಬೇಕಂತ."

"ಈಗ ಹೇಳಿದ್ರ ಎಲ್ಲಿಂದ ತರ್ಲವ್ವಾ? ಅಂಗಡಿ ಇರೂದು ಪ್ಯಾಟ್ಯಾಗ."

ಅಂಗಡಿ ತೆರೆದಿದ್ದರೂ ಆ ದಿನ ಕೈಯಲ್ಲಿ ದುಡ್ಡಿರಲಿಲ್ಲ. ಎಲ್ಲ ಸೇರಿ ನೂರೈವತ್ತು ರೂಪಾಯಿ ದಾಟುತ್ತಿತ್ತು. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ, ವಾರದ ಪಗಾರ ಇನ್ನೂ ಬಂದಿರಲಿಲ್ಲ. ಮರುದಿನ ಹುಡುಗಿ ಹೊಟ್ಟೆನೋವು ಅಂತ ಶಾಲೆಗೆ ಹೋಗಲೇ ಇಲ್ಲ. ಹೊಟ್ಟೆನೋವು ಏನೂ ಇರಲಿಲ್ಲ ಅಂತ ಅವ್ವನಿಗೂ ಗೊತ್ತಿತ್ತು.

ಶುಭಾಶಯ ಹೇಳುವ ಪಾಠಕ್ಕೆ ಒಂದು ಮಗು ಶಾಲೆ ತಪ್ಪಿಸಿತು. ನಮ್ಮ ತಕರಾರು ಇಷ್ಟೇ. ಮೇಷ್ಟ್ರ ಮನಸ್ಸು ಕೆಟ್ಟದ್ದಲ್ಲ. ಮಕ್ಕಳು ಕೈಯಾರೆ ಏನಾದರೂ ಮಾಡಲಿ ಅಂತಲೇ ಹೇಳಿರುತ್ತಾರೆ. ಆದರೆ ಪಟ್ಟಿಯಲ್ಲಿದ್ದ ಎಲ್ಲವೂ ಅಂಗಡಿಯದು. ಆ ಪಟ್ಟಿ ಬರೆಯುವಾಗ ಮನೆಯಲ್ಲಿ ಏನಿದೆ ಅಂತ ಯಾರೂ ಯೋಚಿಸಿಲ್ಲ.

ಮನೆಯಲ್ಲಿ ಏನಿದೆ? ಮೊದಲು ಗೂಡಿನಲ್ಲಿ, ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿದ ಲಗ್ನಪತ್ರಿಕೆಗಳನ್ನು ನೋಡಿ. ಮಾಘ, ಫಾಲ್ಗುಣದಲ್ಲಿ ಒಂದೊಂದು ಮನೆಗೆ ಹತ್ತು ಹದಿನೈದು ಬರುತ್ತವೆ. ದಪ್ಪ ಕಾಗದ, ಬಂಗಾರದ ಬಣ್ಣದ ಬಳ್ಳಿ, ನವಿಲು, ಮಾವಿನಕಾಯಿ ಅಂಚು. ಅಂಗಡಿಯ ಡಿಸೈನ್ ಪೇಪರ್ ಇದಕ್ಕಿಂತ ಚಂದ ಇರುವುದಿಲ್ಲ. ದೇವರ ಚಿತ್ರ ಇದೆ, ಹೇಗೆ ಕತ್ತರಿಸುವುದು ಅಂತ ಹಿರಿಯರು ಅನ್ನುತ್ತಾರೆ. ಸರಿಯಾದ ಮಾತೇ. ಚಿತ್ರ ಹಾಗೇ ಇರಲಿ, ಅಂಚು ಮತ್ತು ಹಿಂದಿನ ಕವರ್ ಮಾತ್ರ ತಗೊಳ್ಳಿ.

ಲಗ್ನಪತ್ರಿಕೆ ಇಲ್ಲದಿದ್ದರೆ ಸೀರೆ ಡಬ್ಬಿಯ ಕಾಗದ, ಮುಗಿದ ಕ್ಯಾಲೆಂಡರ್, ಪೇಪರಿನ ಬಣ್ಣದ ಪುರವಣಿ. ಅದೂ ಇಲ್ಲದಿದ್ದರೆ ಗಣಿತದ ಚೌಕುಳಿ ನೋಟ್‌ಬುಕ್ಕಿನ ಒಂದು ಹಾಳೆ. ಆ ಚೌಕದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕಸೂತಿಯ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಬರುತ್ತವೆ. ಧಾರವಾಡದ ಕಡೆ ಅಜ್ಜಿಯರು ಸೀರೆಯ ಎಳೆ ಎಣಿಸಿಕೊಂಡೇ ಕಸೂತಿ ಹಾಕುವುದು. ಚೌಕ ಎಣಿಸಿ ಬಣ್ಣ ತುಂಬುವುದೂ ಅದೇ ಲೆಕ್ಕ. ಇನ್ನೂ ಬೇಗ ಆಗಬೇಕೆಂದರೆ ಬೆಂಡೆಕಾಯಿ ಅಡ್ಡ ಕೊಯ್ದು, ಅರಿಶಿನ ಕಲಸಿದ ನೀರಿಗೋ ಬಣ್ಣಕ್ಕೋ ಅದ್ದಿ ಬಿಳಿ ಹಾಳೆಗೆ ಒತ್ತಿ. ಐದೆಸಳಿನ ಹೂವು ಸಾಲಾಗಿ ಮೂಡುತ್ತದೆ. ಹಳ್ಳಿಯಲ್ಲಿ ಡಿಸೈನ್ ಪೇಪರ್ ಇಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಈಗ ಕಾರ್ಡು. ಎ4 ಹಾಳೆ ಒಂದನ್ನು ಅಡ್ಡಕ್ಕೆ ಸರಿಯಾಗಿ ಎರಡು ತುಂಡು ಮಾಡಿ. ಒಂದು ತುಂಡನ್ನು ನಡುವೆ ಮಡಚಿದರೆ ಸುಮಾರು ಹತ್ತೂವರೆಗೆ ಹದಿನೈದು ಸೆಂಟಿಮೀಟರಿನ ಕಾರ್ಡು. ಡ್ರಾಯಿಂಗ್ ಶೀಟ್ ಇದ್ದರೆ ಗಟ್ಟಿ ಬರುತ್ತದೆ. ಮಡಿಕೆಯನ್ನು ಉಗುರಿನಿಂದಲ್ಲ, ಚಮಚದ ಹಿಂಬದಿಯಿಂದ ಒತ್ತಿ, ನೇರ ಕೂರುತ್ತದೆ. ಮುಂಭಾಗದಲ್ಲಿ ಡಿಸೈನ್ ಕಾಗದದ ಮೂರು ಬೆರಳು ಅಗಲದ ಒಂದೇ ಪಟ್ಟಿ ಅಂಟಿಸಿ. ಇಡೀ ಕಾರ್ಡು ಮುಚ್ಚಬೇಡಿ. ಸೀರೆಗೆ ಅಂಚು ಇದ್ದ ಹಾಗೆ ಇರಲಿ, ಉಳಿದದ್ದು ಖಾಲಿ ಇದ್ದರೇ ಚಂದ. ಪಟ್ಟಿಯ ಪಕ್ಕದಲ್ಲಿ ಒಂದು ಗಾಳಿಪಟ, ಒಂದು ಕಬ್ಬು, ಅಥವಾ ಕಿಚ್ಚು ಹಾಯುವ ಎತ್ತನ್ನು ಕತ್ತರಿಸಿ ಅಂಟಿಸಿದರೆ ಸಾಕು. ಗಮ್ ಇಲ್ಲವೇ? ಒಂದು ಚಮಚ ಮೈದಾ ನೀರಿಗೆ ಕಲಸಿ ಕುದಿಸಿ. ನಮ್ಮ ಹಿಂದಿನವರು ಅನ್ನದ ಅಗುಳಿನಿಂದಲೇ ಅಂಟಿಸಿದ್ದಾರೆ.

ಕವರ್ ಕೂಡ ಕೊಳ್ಳಬೇಕಿಲ್ಲ. ಇನ್ನೊಂದು ಎ4 ಹಾಳೆಯನ್ನು ಉದ್ದಕ್ಕೆ ಇಟ್ಟು, ಕಾರ್ಡನ್ನು ನಡುವೆ ಅಡ್ಡ ಮಲಗಿಸಿ. ಎಡಬಲದ ಮೂರು ಮೂರು ಸೆಂಟಿಮೀಟರ್ ಒಳಗೆ ಮಡಚಿ. ಕೆಳಗಿನ ಭಾಗ ಮೇಲೆ ತಂದು ಎರಡೂ ಬದಿ ಅಂಟಿಸಿ. ಮೇಲೆ ಉಳಿದದ್ದೇ ಮುಚ್ಚಳ. ಒಂದು ಎ4 ಹಾಳೆ ತೂಗುವುದು ಸುಮಾರು 5 ಗ್ರಾಂ. ಕಾರ್ಡು, ಕವರು, ಅಂಟು ಎಲ್ಲ ಸೇರಿದರೂ 20 ಗ್ರಾಂ ದಾಟುವುದಿಲ್ಲ. ಅಷ್ಟರೊಳಗಿನ ಪತ್ರಕ್ಕೆ 5 ರೂಪಾಯಿ ಸ್ಟಾಂಪು. ಮಣಿ, ಗುಂಡಿ, ಕನ್ನಡಿ ಚೂರು ಅಂಟಿಸಬೇಡಿ. ಅಂಚೆಯವರು ಮೊಹರು ಹೊಡೆಯುವಾಗ ಕವರ್ ಹರಿಯುತ್ತದೆ.

ಇಷ್ಟಕ್ಕೆಲ್ಲ ಹದಿನೈದು ನಿಮಿಷ ಸಾಕು. ಕಷ್ಟದ ಕೆಲಸ ಒಳಗೆ ಬರೆಯುವುದು.

ಅದೇ ಹುಡುಗಿಗೆ ನಮ್ಮವರು ಆ ಭಾನುವಾರ ಲಗ್ನಪತ್ರಿಕೆ ಅಂಚಿನಿಂದ ಕಾರ್ಡು ಮಾಡುವುದನ್ನು ತೋರಿಸಿದರು. ಯಾರಿಗೆ ಕಳಿಸ್ತಿ ಅಂದರೆ "ಅಪ್ಪಗ" ಅಂದಳು. ಒಳಗೆ ಏನು ಬರೀಬೇಕು ಅಂತ ತಿಳಿಯದೆ ಅರ್ಧ ತಾಸು ಕೂತಳು. ಪರೀಕ್ಷೆಯಲ್ಲಿ ರಜಾ ಅರ್ಜಿ ಬರೆದಿದ್ದಾಳೆ, ಪ್ರಬಂಧ ಬರೆದಿದ್ದಾಳೆ. ಒಬ್ಬ ಮನುಷ್ಯನಿಗೆ, ಅವನು ಓದಲಿ ಅಂತ, ಅವಳು ಹಿಂದೆಂದೂ ಏನನ್ನೂ ಬರೆದಿರಲಿಲ್ಲ. ಕೊನೆಗೆ ಬರೆದದ್ದು ನಾಕು ಸಾಲು. ಆಕಳು ಕರು ಹಾಕಿದ್ದು, ಅಜ್ಜಿಯ ಕಾಲುನೋವು, ತಾನು ಮಗ್ಗಿ ಹದಿನೈದರವರೆಗೆ ಕಲಿತದ್ದು, ಯಾವಾಗ ಬರ್ತಿ ಅನ್ನುವುದು.

ಆಮೇಲೆ ವಿಳಾಸದ ಪ್ರಶ್ನೆ ಬಂತು. ಅಪ್ಪ ಇರುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅದಕ್ಕೆ ಮನೆ ನಂಬರ್ ಇಲ್ಲ. ಫೋನ್ ಮಾಡಿ ಕೇಳಿದಾಗ ಅವರು ಹತ್ತಿರದ ಚಹಾ ಅಂಗಡಿಯವರನ್ನು ಕೇಳಿ, ಆ ಅಂಗಡಿಯ ವಿಳಾಸ, ಪಿನ್‌ಕೋಡ್ ಹೇಳಿದರು. ವರ್ಷದಲ್ಲಿ ಎಂಟು ತಿಂಗಳು ಅಪ್ಪ ಎಲ್ಲಿರುತ್ತಾನೆ ಅನ್ನುವುದು ಆ ಮನೆಯವರಿಗೆ ಅಕ್ಷರದಲ್ಲಿ ತಿಳಿದದ್ದು ಅವತ್ತೇ ಮೊದಲು. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಆ ವಿಳಾಸ ಎಷ್ಟು ದೊಡ್ಡ ಆಸರೆ ಅನ್ನುವುದು ದುಡಿಯಲು ಗುಳೆ ಹೋಗುವವರ ಮನೆಯವರಿಗೆಲ್ಲ ಗೊತ್ತು. ಕಾರ್ಡು ಸಂಕ್ರಾಂತಿ ಮುಗಿದ ಮೂರನೇ ದಿನ ಮುಟ್ಟಿತು. ಯುಗಾದಿಗೆ ಊರಿಗೆ ಬಂದಾಗ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನೂ ಮಡಚಿ ಇಟ್ಟುಕೊಂಡಿದ್ದರು.

ಕೆಲವರು ಹೇಳುತ್ತಾರೆ, ವಿಡಿಯೊ ಕಾಲ್ ಇರುವಾಗ ಇದೆಲ್ಲ ಯಾಕೆ ಅಂತ. ವಿಡಿಯೊ ಕಾಲ್ ಬೇಡ ಅನ್ನುವಷ್ಟು ದಡ್ಡರು ನಾವಲ್ಲ, ಈ ಬರಹವನ್ನೂ ನೀವು ಮೊಬೈಲಿನಲ್ಲೇ ಓದುತ್ತಿದ್ದೀರಿ. ಆದರೆ ಫೋನಿನಲ್ಲಿ ಮಗು "ಊಟ ಆತಾ" ಅಂತ ಕೇಳಿ ಅವ್ವನ ಕೈಗೆ ಕೊಟ್ಟುಬಿಡುತ್ತದೆ. ಕಾರ್ಡಿನಲ್ಲಿ ಅದು ಕೂತು ಯೋಚಿಸಲೇಬೇಕು. ಇನ್ನು ಕೆಲವರು, ಜನವರಿ ಅಂದರೆ ಪರೀಕ್ಷೆ ಹತ್ತಿರ, ಪಾಠ ಮುಗಿಸುವುದೇ ಕಷ್ಟ ಅನ್ನುತ್ತಾರೆ. ಹಾಳೆಯನ್ನು ಅರ್ಧ, ಕಾಲು ಮಾಡುವುದು ಭಿನ್ನರಾಶಿ. ಸೆಂಟಿಮೀಟರ್ ಅಳೆಯುವುದು ಅಳತೆಯ ಪಾಠ. ನಾಕು ಸಾಲು ಬರೆಯುವುದು ಕನ್ನಡ. ಪಿನ್‌ಕೋಡ್ ಸಮಾಜ ವಿಜ್ಞಾನ. ಆರಂಕಿಯ ಈ ಪದ್ಧತಿ ಬಂದದ್ದು 1972ರ ಆಗಸ್ಟ್ 15ರಂದು, ನಮ್ಮ ರಾಜ್ಯದ ಪಿನ್‌ಗಳೆಲ್ಲ 5ರಿಂದ ಯಾಕೆ ಶುರುವಾಗುತ್ತವೆ ಅಂತ ಅವತ್ತೇ ಹೇಳಿಕೊಡಬಹುದು.

ಅದಕ್ಕೆ ಶಿಕ್ಷಕರಲ್ಲಿ ನಮ್ಮದೊಂದು ಕೋರಿಕೆ. ಡಿಸೆಂಬರಿನ ಒಂದು ಶನಿವಾರ ಎರಡು ಪೀರಿಯಡ್ ಇದಕ್ಕೆ ಕೊಡಿ. ಅಂಗಡಿಯ ಪಟ್ಟಿ ಬೇಡ, ಮನೆಯಲ್ಲಿರುವ ಬಣ್ಣದ ಕಾಗದ ಯಾವುದಿದ್ದರೂ ತನ್ನಿ ಅನ್ನಿ. ಏನೂ ಇಲ್ಲದ ಮಗುವಿಗೆ ತರಗತಿಯಲ್ಲೇ ಒಂದು ಡಬ್ಬಿ ಇರಲಿ, ಊರಿನ ಲಗ್ನಪತ್ರಿಕೆಗಳೆಲ್ಲ ಅದರಲ್ಲಿ ಬಂದು ಬೀಳಲಿ. ಯಾರ ಕಾರ್ಡು ಚಂದ ಅಂತ ಬಹುಮಾನ ಇಡಬೇಡಿ. ಬಹುಮಾನ ಇಟ್ಟರೆ ಮತ್ತೆ ಗ್ಲಿಟರ್ ಶೀಟ್ ಬರುತ್ತದೆ. ಸ್ಟಾಂಪಿನ 5 ರೂಪಾಯಿ ಎಸ್‌ಡಿಎಂಸಿಯವರೋ ಊರಿನ ಯುವಕ ಸಂಘದವರೋ ಕೊಡಲಿ. ಐವತ್ತು ಮಕ್ಕಳಿದ್ದರೂ ಖರ್ಚು 250 ರೂಪಾಯಿ, ಒಂದು ಬ್ಯಾನರ್ ಕಟ್ಟುವ ದುಡ್ಡೂ ಅಲ್ಲ.

ಮನೆಯವರಿಗೂ ಒಂದು ಮಾತು. ದುಡಿಯಲು ಹೋದ ಅಣ್ಣ, ಹಾಸ್ಟೆಲಿನಲ್ಲಿರುವ ತಂಗಿ, ಗಂಡನ ಮನೆಯಲ್ಲಿರುವ ಅಕ್ಕ, ಇವರ ಪೂರ್ತಿ ವಿಳಾಸ ನಿಮ್ಮಲ್ಲಿ ಬರೆದು ಇದೆಯೇ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಜನವರಿ ಮೊದಲ ವಾರದೊಳಗೆ ಪೋಸ್ಟ್ ಡಬ್ಬಿಗೆ ಹಾಕಿದರೆ ಹಬ್ಬದ ಹೊತ್ತಿಗೆ ಮುಟ್ಟೀತು. ಒಂದೆರಡು ದಿನ ತಡವಾದರೂ ಕಳೆದುಕೊಳ್ಳುವುದು ಏನೂ ಇಲ್ಲ.