ಏಳು ಕೆಂಪು ಹಕ್ಕಿಗಳು

ಅಂಚೆಚೀಟಿಗಳನ್ನು ಸಂಗ್ರಹಿಸುವ ಹವ್ಯಾಸ ನಮ್ಮ ಶಾಲೆಯ ಮಕ್ಕಳಲ್ಲಿ ಇನ್ನೂ ಉಳಿದುಕೊಂಡಿದೆಯೆಂಬುದು ನಮಗೆ ಸಂತೋಷದ ವಿಷಯ. ಆದರೆ ವಿರಾಮದ ವೇಳೆಯಲ್ಲಿ ನಡೆಯುವ ಚೀಟಿಗಳ ವಿನಿಮಯವನ್ನು ಕಂಡಾಗ ಒಂದು ಮಾತನ್ನು ಹೇಳಲೇಬೇಕೆನಿಸುತ್ತದೆ. ಅಮೆರಿಕೆಯ ಸಂಸ್ಥಾನಗಳ ಹಕ್ಕಿ–ಹೂಗಳ ಚೀಟಿಗಳು ಕೈಗೆ ಬಂದಾಗ, ಒಮ್ಮೆ ಕಂಡ ಹಕ್ಕಿಯೇ ಇನ್ನೊಂದು ಚೀಟಿಯಲ್ಲಿ ಕಂಡರೆ ಸಾಕು, “ಇದು ಡಬಲ್” ಎಂದು ಅದನ್ನು ಬೇರೊಬ್ಬರಿಗೆ ದಾಟಿಸಿಬಿಡುವ ರೂಢಿ ಬೆಳೆದಿದೆ. ಈ ರೂಢಿ ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ.

ಈ ಚೀಟಿಗಳು ಹೊರಬಂದುದು 1982ರ ಏಪ್ರಿಲ್ 14ರಂದು. ಐವತ್ತು ಸಂಸ್ಥಾನಗಳಿಗೆ ಐವತ್ತು ಚೀಟಿಗಳು. ಒಂದೊಂದರ ಬೆಲೆ 20 ಸೆಂಟು. ಎಲ್ಲವೂ ಒಂದೇ ಹಾಳೆಯಲ್ಲಿ. ಹಕ್ಕಿಗಳನ್ನು ಬರೆದವರು ಆರ್ಥರ್ ಸಿಂಗರ್. ಹೂಗಳನ್ನು ಬರೆದವರು ಅವರ ಮಗ ಆಲನ್ ಸಿಂಗರ್. ತಂದೆಮಕ್ಕಳು ಕೂಡಿ ಇಷ್ಟು ಚಿಕ್ಕ ಚೌಕಟ್ಟಿನಲ್ಲಿ ಇಷ್ಟು ಅಂದವನ್ನು ತುಂಬಿದುದು ಮೆಚ್ಚತಕ್ಕದ್ದೇ. ಇದಕ್ಕೆ ಆರು ವರ್ಷ ಮೊದಲು, 1976ರಲ್ಲಿ, ಸಂಸ್ಥಾನಗಳ ಧ್ವಜಗಳ ಹಾಳೆಯೊಂದು ಬಂದಿತ್ತು. ಅಲ್ಲಿ ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದ ಕ್ರಮದಲ್ಲಿ ನಿಂತಿವೆ: ಮೊದಲನೆಯದು ಡೆಲವೇರ್, ಕೊನೆಯದು ಹವಾಯಿ. ಕಣ್ಣಾಡಿಸಿದರೆ ಸಾಕು, ಆ ದೇಶ ಹೇಗೆ ಬೆಳೆಯಿತೆಂಬುದು ತಿಳಿಯುತ್ತದೆ. ಹಕ್ಕಿಗಳ ಹಾಳೆಯಲ್ಲಾದರೋ ತರಗತಿಯ ಹಾಜರಿಪಟ್ಟಿಯಂತೆ ಎಲ್ಲವೂ ಅಕ್ಷರಾನುಕ್ರಮ. ಆದ್ದರಿಂದ ಅದರೊಳಗಿನ ಚರಿತ್ರೆಯನ್ನು ನಾವೇ ಹುಡುಕಿಕೊಳ್ಳಬೇಕು.

ಆ ಐವತ್ತು ಚೀಟಿಗಳಲ್ಲಿ ಏಳರಲ್ಲಿ ಇರುವುದು ಒಂದೇ ಹಕ್ಕಿ: ತಲೆಯ ಮೇಲೆ ಜುಟ್ಟುಳ್ಳ ಕೆಂಪು ಕಾರ್ಡಿನಲ್. ಇಲಿನಾಯ್, ಇಂಡಿಯಾನ, ಒಹಾಯೊ, ಕೆಂಟಕಿ, ವರ್ಜೀನಿಯ, ಪಶ್ಚಿಮ ವರ್ಜೀನಿಯ, ಉತ್ತರ ಕ್ಯಾರೊಲೈನ—ಈ ಏಳೂ ತಮ್ಮ ಹಕ್ಕಿಯೆಂದು ಆರಿಸಿಕೊಂಡಿರುವುದು ಇದನ್ನೇ. ವರ್ಜೀನಿಯಕ್ಕೂ ಉತ್ತರ ಕ್ಯಾರೊಲೈನಕ್ಕೂ ಹೂವು ಸಹ ಒಂದೇ, ಡಾಗ್‌ವುಡ್. ಹಕ್ಕಿಯೂ ಅದೇ, ಹೂವೂ ಅದೇ. ‘ಡಬಲ್’ ಎನ್ನಲು ಇನ್ನೇನು ಬೇಕು? ಆದರೆ ಭೂಪಟವನ್ನು ತೆರೆದು, ಚರಿತ್ರೆಯ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ನೋಡಿರಿ. 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ವರ್ಜೀನಿಯವೂ ಉತ್ತರ ಕ್ಯಾರೊಲೈನವೂ ಒಕ್ಕೂಟವನ್ನು ತೊರೆದುಹೋದವು. ಇಲಿನಾಯ್, ಇಂಡಿಯಾನ, ಒಹಾಯೊಗಳು ಒಕ್ಕೂಟದ ಪರವಾಗಿ ಕಾದಿದವು. ಕೆಂಟಕಿಯು ಗುಲಾಮಗಿರಿಯನ್ನು ಬಿಡದೆಯೇ ಒಕ್ಕೂಟದಲ್ಲಿ ಉಳಿಯಿತು. ವರ್ಜೀನಿಯದ ಪಶ್ಚಿಮ ಭಾಗದ ಜನ ತಮ್ಮ ಸಂಸ್ಥಾನದ ನಿರ್ಧಾರವನ್ನು ಒಪ್ಪದೆ ಸಿಡಿದು, 1863ರಲ್ಲಿ ಬೇರೆ ಸಂಸ್ಥಾನವನ್ನೇ ಕಟ್ಟಿಕೊಂಡರು. ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರ ಮೊಮ್ಮಕ್ಕಳು ಮುಂದೆ ಒಂದೇ ಹಕ್ಕಿಯನ್ನು ತಮ್ಮದೆಂದರು. ಈ ಏಳು ಚೀಟಿಗಳಲ್ಲಿ ಆರನ್ನು ಕೈಬಿಟ್ಟವನ ಬಳಿ ಉಳಿಯುವುದು ಹಕ್ಕಿಯ ಚಿತ್ರ ಮಾತ್ರ.

ಮನುಷ್ಯನು ಎಳೆದ ಗೆರೆಯನ್ನು ಹಕ್ಕಿ ಅರಿಯದು. ನಮ್ಮ ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವೇ ಒಡಿಶಾಕ್ಕೂ ತೆಲಂಗಾಣಕ್ಕೂ ರಾಜ್ಯಪಕ್ಷಿ. ತೆಲುಗರು ಅದನ್ನು ಪಾಲಪಿಟ್ಟ ಎನ್ನುತ್ತಾರೆ. ಹೊರನಾಡಿನಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ನೆರೆಮನೆಯವರು ಬೇರೊಂದು ಹೆಸರಿಂದ ಕರೆದ ಮಾತ್ರಕ್ಕೆ ನಮ್ಮ ಹಕ್ಕಿ ನಮ್ಮದಲ್ಲದೆ ಹೋಗುವುದಿಲ್ಲವೆಂದು ಅವರು ದಿನವೂ ಕಾಣುತ್ತಿದ್ದಾರೆ.

ಇನ್ನು ಜಾರ್ಜಿಯದ ಚೀಟಿ. ಅದರಲ್ಲಿರುವ ಬಿಳಿಯ ಹೂವಿನ ಹೆಸರು ಚೆರೊಕೀ ಗುಲಾಬಿ. ಹೂವೇನೋ ಮೂಲತಃ ಚೀನದೇಶದ್ದು. ಹೆಸರು ಮಾತ್ರ ಆ ನೆಲದ ಮೂಲನಿವಾಸಿಗಳಾದ ಚೆರೊಕೀ ಜನರದು. ಆ ಜನರನ್ನು 1838ರಲ್ಲಿ ಸೈನ್ಯದ ಬಲದಿಂದ ಅವರ ಊರುಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಲಾಯಿತು. ಚಳಿ, ಹಸಿವು, ರೋಗಗಳಿಂದ ಸಾವಿರಾರು ಮಂದಿ ಸತ್ತರು. 1916ರಲ್ಲಿ ಜಾರ್ಜಿಯವು ಅವರ ಹೆಸರಿನ ಹೂವನ್ನು ತನ್ನ ಲಾಂಛನವಾಗಿ ಸ್ವೀಕರಿಸಿತು! ಅವರು ಹೋಗಿ ಸೇರಿದ ನೆಲ 1907ರಲ್ಲಿ ಒಕ್ಲಹೋಮ ಸಂಸ್ಥಾನದೊಳಗೆ ಸೇರಿತು. ಅದರ ಚೀಟಿಯಲ್ಲಿ ಕತ್ತರಿಯಂತೆ ಸೀಳಿದ ಉದ್ದ ಬಾಲದ ಹಕ್ಕಿಯೂ, ಪರರ ಮರದ ಮೇಲೆ ಬೆಳೆಯುವ ಬಂದಳಿಕೆಯೂ ಇವೆ. ಈ ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿದ ವಿದ್ಯಾರ್ಥಿಯೊಬ್ಬನು ಇದ್ದರೆ, ಅವನ ಆಲ್ಬಮನ್ನು ನಾವು ನೋಡಬಯಸುತ್ತೇವೆ. (ರೋಡ್ ಐಲೆಂಡ್ ತನ್ನ ಲಾಂಛನವಾಗಿ ಕೋಳಿಯನ್ನೇ ಆರಿಸಿಕೊಂಡಿದೆಯೆಂದು ಹುಡುಗರು ನಗುವುದುಂಟು, ನಗಲಿ. ಆ ತಳಿ ನಮ್ಮ ದೇಶದ ಕೋಳಿಸಾಕಣೆಯವರಿಗೂ ಪರಿಚಿತವಾದುದೇ.)

ಪರದೇಶದ ಚೀಟಿಗಳ ಮೇಲೆ ಇಷ್ಟೊಂದು ಅಕ್ಕರೆ ಏಕೆಂದು ಕೆಲವು ಹಿರಿಯರು ಕೇಳುತ್ತಾರೆ. ಚೀಟಿಯ ಮೇಲಿನ ಇಂಗ್ಲಿಷ್ ಹೆಸರುಗಳನ್ನು ಓದಲು ಅಂಜುವ ಮಕ್ಕಳೂ ಇದ್ದಾರೆ. ಇಬ್ಬರಿಗೂ ನಮ್ಮ ಉತ್ತರ ಒಂದೇ: ಪ್ರತಿ ಚೀಟಿಯ ಕೆಳಗೆ ಹಕ್ಕಿಯ ಹೆಸರು, ಹೂವಿನ ಹೆಸರು, ಆ ಸಂಸ್ಥಾನ ಒಕ್ಕೂಟವನ್ನು ಸೇರಿದ ವರ್ಷ, ಅದರ ಕುರಿತು ತಿಳಿದ ಒಂದು ಸಂಗತಿ—ಇಷ್ಟನ್ನು ಕನ್ನಡದಲ್ಲಿ, ದುಂಡಾದ ಅಕ್ಷರಗಳಲ್ಲಿ ಬರೆಯಬೇಕು. ಬರೆಯಲು ಏನೂ ತಿಳಿಯದಿದ್ದರೆ ಆ ಸಾಲನ್ನು ಖಾಲಿ ಬಿಟ್ಟು, ತಿಳಿದ ದಿನ ತುಂಬಲಿ. ಹಾಳೆಯನ್ನು ಇಡಿಯಾಗಿ ಅಂಗಡಿಯಿಂದ ಕೊಂಡು ತಂದು ಇಡುವವನಿಗೆ ಈ ಖಾಲಿ ಸಾಲುಗಳ ಕಾಟವಿಲ್ಲ. ಅದಕ್ಕೇ ಅಂಥ ಸಂಗ್ರಹದಲ್ಲಿ ನಮಗೆ ಹೆಚ್ಚಿನ ಆದರವಿಲ್ಲ.

ಈ ಚೀಟಿಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದುದರಿಂದ ದುಬಾರಿಯಾಗಲಿಲ್ಲ. ಮುದ್ರೆ ಬಿದ್ದ ಬಿಡಿ ಚೀಟಿಗಳೇ ಸಾಕು. ಲಕೋಟೆಯಿಂದ ಕಿತ್ತು ಹರಿಯದೆ, ತಣ್ಣೀರಿನಲ್ಲಿ ನೆನೆಸಿ, ಒತ್ತುಕಾಗದದ ನಡುವೆ ಒಣಗಿಸಬೇಕು. ಅಂಟಿಸುವಾಗ ಅಕ್ಷರಾನುಕ್ರಮವನ್ನು ಮರೆತುಬಿಡಿರಿ. ವರ್ಜೀನಿಯದ ಎದುರಿನ ಪುಟದಲ್ಲಿ ಪಶ್ಚಿಮ ವರ್ಜೀನಿಯವನ್ನು ಇಟ್ಟು, ಎರಡು ಕೆಂಪು ಹಕ್ಕಿಗಳ ನಡುವೆ 1863 ಎಂದು ಬರೆಯಬಹುದು.